ಹಸುವಿಗೆ ಹಾಸಿದ ಹಲಗೆ

ವಾಲು ಬೇ, ಸೂವಾ
ಆಗಸ್ಟ್ 18, ಭಾನುವಾರ

ಅತ್ತೆಮಗಳು ಲವೀನಿಯಾಳಿಗೆ,

‘ಪ್ರೀತಿಯ’ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ, ಹುಡುಕಬೇಡ. ಫೋನಿನಲ್ಲಿ ಬೈದರೆ ನೀನು ನಡುವೆ ನಗುತ್ತೀಯ, ನಿನ್ನ ನಗು ಕೇಳಿ ನನಗೂ ನಗು ಬಂದು ಸಿಟ್ಟೆಲ್ಲ ಹಾಳಾಗುತ್ತದೆ. ಅದಕ್ಕೇ ಕಾಗದ. ಇವತ್ತು ಚರ್ಚಿಗೂ ಹೋಗಿಲ್ಲ. ಇಷ್ಟು ಸಿಟ್ಟು ಇಟ್ಟುಕೊಂಡು ಸ್ತೋತ್ರ ಹಾಡಿದರೆ ಪಾದ್ರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಅಮ್ಮ ಕೆಸುವಿನ ಎಲೆಯನ್ನು ತೆಂಗಿನಹಾಲಿಗೆ ಹಾಕಿ ಒಲೆಯ ಮೇಲಿಟ್ಟು, “ಉಕ್ಕದ ಹಾಗೆ ನೋಡ್ಕೋ” ಎಂದು ಹೇಳಿ ಹೋಗಿದ್ದಾಳೆ. ಅದು ಉಕ್ಕುತ್ತಿದೆ. ಉಕ್ಕಲಿ.

ನಿನ್ನ ಕಾಗದ ಬಂತು. ಆಕ್ಲೆಂಡಿನ ದೊಡ್ಡ ದೊಡ್ಡ ಕಚೇರಿಗಳಿಗೆ ಹೋಗಿ ನೀನು ಹೇಳಿಕೊಡುವ ಪಾಠವನ್ನು ನನಗೂ ಬರೆದಿದ್ದೀಯ, ಪುಕ್ಕಟೆಯಾಗಿ. ಮೇಲಿನವರ ಮುಂದೆ ಕಾನೂನು ಓದಬೇಡ, ಅಂಕಿಅಂಶ ಒಪ್ಪಿಸಬೇಡ, ಅವರಿಗೆ ಗೊತ್ತಿರುವ ಲೋಕದಿಂದಲೇ ಒಂದು ಹೋಲಿಕೆ ತೆಗೆದು ಕಥೆ ಹೇಳು, ಮನಸ್ಸು ತಾನಾಗಿ ಕರಗುತ್ತದೆ ಎಂದು. ಓದಿ ಮೈ ಉರಿಯಿತು ಲವೀನಿಯಾ. ನಮ್ಮ ಕಚೇರಿಗೆ ದಿನವೂ ಜನ ಬರುತ್ತಾರೆ, ಹೋಗುತ್ತಾರೆ. ಬಾಗಿಲಲ್ಲಿ ಯಾರನ್ನಾದರೂ ತಡೆದು “ಒಂದು ಕಥೆ ಹೇಳು, ಚೆನ್ನಾಗಿದ್ದರೆ ಒಳಗೆ ಬಿಡ್ತೀವಿ” ಎಂದದ್ದನ್ನು ನೀನು ಕೇಳಿದ್ದೀಯಾ? ನಾನೊಬ್ಬಳೇ ಯಾಕೆ ಹೇಳಬೇಕು?

ಆದರೂ ಹೇಳಿದೆ. ಹೇಳದೆ ದಾರಿ ಇರಲಿಲ್ಲ.

ನಿನಗೆ ಗೊತ್ತಿರುವಂತೆ, ಅಕ್ಟೋಬರಿನಿಂದ ನಮ್ಮ ಹಡಗು ಕಂಪನಿಯ ಕಚೇರಿ ಹೊಸ ಗೋದಾಮಿನ ಮಹಡಿಗೆ ಹೋಗುತ್ತದೆ. ಹತ್ತುವುದಕ್ಕೆ ಕಬ್ಬಿಣದ ಮೆಟ್ಟಿಲು, ಹಡಗಿನ ಏಣಿಯ ಹಾಗೆ ಕಡಿದಾದದ್ದು. ಲಿಫ್ಟ್ ಇಲ್ಲ. ನನ್ನ ರೇಡಿಯೊ ಕೋಣೆಯೂ ಅಲ್ಲಿಗೇ ಹೋಗುತ್ತದೆ. “ನೀನು ಮನೇಲೇ ಆರಾಮಾಗಿರು ಮೆರೆಸೇನಿ, ಬೇರೆ ಏನಾದ್ರೂ ಕೆಲಸ ಕಳಿಸ್ತೀವಿ” ಎಂದ ಮ್ಯಾನೇಜರ್ ದೇವ್‌ಕರನ್. ಮನೆಯಿಂದ ಯಾವ ರೇಡಿಯೊ? ನಮ್ಮ ಮನೆಯ ತಗಡಿನ ಮಾಡಿನ ಮೇಲೆ ಆಂಟೆನಾ ಇಲ್ಲ, ಕೋಳಿ ಕೂರುತ್ತದೆ, ಅಷ್ಟೆ. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗುಗಳ ಕ್ಯಾಪ್ಟನ್‌ಗಳು ಗಾಳಿ ಕೆಟ್ಟಾಗ ಮೊದಲು ಕೇಳುವುದು ನನ್ನ ದನಿಯನ್ನು. ಅಪಘಾತವಾಗಿ ಗಾಲಿಕುರ್ಚಿಗೆ ಬಂದ ಮೇಲೆ ನನಗೆ ಮತ್ತೆ ಸಮುದ್ರ ಸಿಕ್ಕಿದ್ದು ಆ ಕೋಣೆಯಲ್ಲಿ. ಅದು ಹೋದರೆ ನನಗೆ ಉಳಿಯುವುದು ಅಮ್ಮನ ಒಲೆ ಕಾಯುವ ಕೆಲಸ. ಅದನ್ನು ಎಷ್ಟು ಚೆನ್ನಾಗಿ ಮಾಡುತ್ತೇನೆ ಎಂಬುದಕ್ಕೆ ಈಗ ಬರುತ್ತಿರುವ ಸೀದ ವಾಸನೆಯೇ ಸಾಕ್ಷಿ.

ದೇವ್‌ಕರನ್‌ಗೆ ರಗ್ಬಿ ಎಂದರೆ ಪ್ರಾಣ. ಅದಕ್ಕೆ ನಿನ್ನ ಪಾಠದಂತೆ ರಗ್ಬಿ ತೆಗೆದೆ. “ಸಾರ್, ಒಳ್ಳೆ ಆಟಗಾರ ಒಬ್ಬ ಇದಾನೆ. ಚೆಂಡು ಎಲ್ಲಿ ಹೋಗುತ್ತೆ ಅಂತ ಎಲ್ಲರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತೆ. ಮೈದಾನದ ಗೇಟು ಕಿರಿದು ಅಂತ ಅವನನ್ನ ಹೊರಗೇ ನಿಲ್ಸಿ ಆಡಿದ್ರೆ, ಸೋತಿದ್ದು ಅವನಾ, ತಂಡಾನಾ?” ಎಂದೆ. ಅವನ ಕಣ್ಣು ಅರಳಿತು. “ಅಬ್ಬಾ, ಎಂಥಾ ಮಾತು ಹೇಳ್ದೆ ಮೆರೆಸೇನಿ!” ಎಂದು ಮೇಜು ತಟ್ಟಿದ. ನನಗೆ ನಿಜಕ್ಕೂ ಆಸೆ ಹುಟ್ಟಿತು. ಸೋಮವಾರದ ಸಭೆಯಲ್ಲಿ ಅವನು ಎದ್ದು ನಿಂತು ಅದೇ ಕಥೆ ಹೇಳಿದ, ತನ್ನದೇ ಎಂಬಂತೆ. ಯಾವುದಕ್ಕೆ ಗೊತ್ತಾ? ಗುಮಾಸ್ತರು ತಡವಾಗಿ ಬರುತ್ತಾರೆ ಎಂಬುದಕ್ಕೆ. “ಗೇಟಿನ ಹೊರಗೆ ನಿಂತ ಆಟಗಾರ ಆಗ್ಬೇಡಿ, ಟೈಮಿಗೆ ಬನ್ನಿ!” ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಗಾಲಿಯ ಬ್ರೇಕು ಹಿಡಿದು ಕೂತಿದ್ದೆ. ಬಿಟ್ಟಿದ್ದರೆ ಅವನ ಕಾಲಿನ ಮೇಲೇ ಹೋಗುತ್ತಿತ್ತು.

ಆಮೇಲೆ ಹಿಡಿದು ಕೇಳಿದಾಗ, “ನನ್ನ ಕೈಲಿ ಏನಿದೆ? ಇದೆಲ್ಲ ಶುಕ್ರವಾರ ಚಾಪೆ ಮೇಲೆ ಆಗೋ ತೀರ್ಮಾನ” ಎಂದ. ಅಲ್ಲಿ ನಿಜ ಹೇಳಿದ. ನಮ್ಮ ದ್ವೀಪದವರೆಲ್ಲ ಕಾಸು ಹಾಕಿ ಕಟ್ಟಿದ ಕಂಪನಿ ಇದು, ನಮ್ಮ ಮುಖಂಡರು ರಾತು ಪೆನಾಯಾ ಇದರ ಅಧ್ಯಕ್ಷರು. ಹೆಸರಿಗೆ ಮಂಡಳಿಯ ಸಭೆ ಇದೆ. ಆದರೆ ಪ್ರತಿ ಶುಕ್ರವಾರ ಸಂಜೆ ಗೋದಾಮಿನಲ್ಲಿ ಚಾಪೆ ಹಾಸಿ, ಕಾವಾ ಬೇರಿನ ಪುಡಿಯನ್ನು ನೀರಿಗೆ ಹಿಂಡಿ, ಕುಡಿಯುವ ತೆಂಗಿನ ಚಿಪ್ಪು ಸುತ್ತಿಸುತ್ತಾ ಅವರು ಆಡಿದ್ದೇ ತೀರ್ಮಾನ. “ನಾನೂ ಬರ್ತೀನಿ” ಎಂದೆ. ದೇವ್‌ಕರನ್ ತಲೆ ಕೆರೆದುಕೊಂಡ. “ಅದು ಹೇಗಮ್ಮಾ? ಎಲ್ಲರೂ ನೆಲದ ಮೇಲೆ ಕೂರ್ತಾರೆ. ನೀನು ಕುರ್ಚೀಲಿ ಬಂದ್ರೆ ನಿನ್ನ ತಲೆ ರಾತು ತಲೆಗಿಂತ ಮೇಲಿರುತ್ತೆ. ಮರ್ಯಾದೆ ಅಲ್ಲ.”

ನೋಡಿದೆಯಾ? ಇದುವರೆಗೆ ನಾನು ಆ ಚಾಪೆಯ ಹತ್ತಿರ ಹೋಗದೇ ಇದ್ದದ್ದು ಇದಕ್ಕೇ. ಯಾರೂ ಬರಬೇಡ ಎಂದಿರಲಿಲ್ಲ. ಮರ್ಯಾದೆಯೇ ನನ್ನನ್ನು ಹೊರಗೆ ನಿಲ್ಲಿಸಿತ್ತು. ಮೆಟ್ಟಿಲನ್ನಾದರೂ ಬೈಯಬಹುದು, ಮರ್ಯಾದೆಯನ್ನು ಬೈಯುವುದು ಹೇಗೆ?

ಹೋದ ವಾರದ ಶುಕ್ರವಾರ ಕಾವಾ ಬೇರಿನ ಕಟ್ಟನ್ನು ಪೇಪರಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಹೋದೆ. ಕಾಣಿಕೆ ತಂದವರನ್ನು ವಾಪಸು ಕಳಿಸುವ ಹಾಗಿಲ್ಲವಲ್ಲ. ಗಾಲಿ ಚಾಪೆಯ ಅಂಚಿಗೆ ಬಂದು ನಿಂತಿತು. ರಾತು ಪೆನಾಯಾ ತಲೆ ಎತ್ತಿ ನೋಡಿದರು. ಮೊದಲ ಸಲ ಅವರು ತಲೆ ಎತ್ತಿ ನನ್ನನ್ನು ನೋಡಬೇಕಾಯಿತು.

“ಬಾ ಮಗಳೇ” ಎಂದರು, ಒಳ್ಳೆಯ ದನಿಯಲ್ಲೇ. “ಲೇ, ಇಬ್ಬರು ಏಳ್ರೋ. ಅವಳನ್ನ ಎತ್ತಿ ಚಾಪೆ ಮೇಲೆ ಕೂರಿಸಿ.”

ಇಬ್ಬರು ಎದ್ದರು. ನೀನಾಗಿದ್ದರೆ ಏನು ಹೇಳುತ್ತಿದ್ದೆ ಎಂದು ನನಗೆ ಗೊತ್ತು. ಇಳಿ, ಚಾಪೆಯ ಮೇಲೆ ತೆವಳು, ಅವರ ಕಣ್ಣಲ್ಲಿ ನೀರು ಬರುತ್ತದೆ, ಕೆಲಸವಾಗುತ್ತದೆ ಎನ್ನುತ್ತಿದ್ದೆ. ಇಲ್ಲ ಲವೀನಿಯಾ.

“ಬೇಡಿ. ನಾನೇನು ಸಕ್ಕರೆ ಮೂಟೇನಾ?” ಎಂದೆ. “ರಾತು, ನಿಮ್ಮ ತಲೆಗಿಂತ ನನ್ನ ತಲೆ ಕೆಳಗಿರಬೇಕು, ಒಪ್ಪಿದೆ. ಅಪ್ಪ ಕಲಿಸಿದ್ದು ಅದನ್ನೇ. ಆದ್ರೆ ಅದಕ್ಕೆ ನನ್ನನ್ನೇ ಇಳಿಸ್ಬೇಕು ಅಂತ ಎಲ್ಲಿದೆ? ನೀವು ಮೇಲೆ ಕೂತ್ರೆ ಆಗಲ್ವಾ?”

ಕಾವಾ ಹಿಂಡುತ್ತಿದ್ದ ಹಡಗಿನ ಮೇಸ್ತ್ರಿ ಸೆಮೀಸಿಯ ಮುಖ ನೋಡಬೇಕಿತ್ತು ನೀನು. ಕೆನ್ನೆ ಉಬ್ಬಿಸಿಕೊಂಡು ನಗು ತಡೆದಿದ್ದ. ದೇವ್‌ಕರನ್ ಬಾಗಿಲು ಯಾವ ಕಡೆ ಇದೆ ಎಂದು ನೋಡುತ್ತಿದ್ದ. ರಾತು ನನ್ನ ಗಾಲಿಯನ್ನೂ ತಮ್ಮ ಚಾಪೆಯನ್ನೂ ನೋಡಿದರು. ಆಮೇಲೆ, “ಕುರ್ಚಿ ತನ್ನಿ” ಎಂದರು.

ಗೋದಾಮಿನಲ್ಲಿ ಇದ್ದದ್ದು ಒಂದೇ ಕುರ್ಚಿ, ರಿಪೇರಿಗೆ ಬಿಚ್ಚಿಟ್ಟ ಕ್ಯಾಪ್ಟನ್ನನ ಕುರ್ಚಿ. ಕಂಬದ ಮೇಲೆ ಕೂರಿಸಿದಂಥದ್ದು, ತಿರುಗುತ್ತದೆ ಬೇರೆ. ಸೆಮೀಸಿ ಅದನ್ನು ತಂದು ಚಾಪೆಯ ನಡುವೆ ನಿಲ್ಲಿಸಿ, “ಹತ್ತಿ ರಾತು, ಹುಷಾರು, ಬಲಗಡೆಗೆ ವಾಲುತ್ತೆ” ಎಂದ. ನಮ್ಮ ದ್ವೀಪದ ಮುಖಂಡರು ಪಂಚೆ ಎತ್ತಿ ಹಿಡಿದು ಹತ್ತಿ ಕೂತರು, ಮಾಡಿನ ಮೇಲೆ ಕೂತ ನಮ್ಮ ಕೋಳಿಯ ಹಾಗೆ. ಇಷ್ಟು ವರ್ಷ ಮಾಡಬೇಕಿದ್ದದ್ದು ಇಷ್ಟೇ. ಅವರಿಗೊಂದು ಕುರ್ಚಿ. ನನಗೆ ನಗು ಬರಲಿಲ್ಲ. ಇನ್ನೂ ಸಿಟ್ಟು ಬಂತು.

ಚಿಪ್ಪು ನನ್ನ ಕೈಗೂ ಬಂತು. ಪದ್ಧತಿಯಂತೆ ಒಂದು ಸಲ ಕೈ ತಟ್ಟಿ ಕುಡಿದೆ. ನಿನ್ನ ಪಾಠದಂತೆ ಕಥೆಯನ್ನೂ ಶುರು ಮಾಡಿದೆ.

“ರಾತು, ಮೇ ತಿಂಗಳಲ್ಲಿ ನಿಮ್ಮ ಮಗಳ ಮದುವೆಗೆ ನಮ್ಮ ಹಡಗಲ್ಲಿ ಒಂದು ಹಸು ಹೋಯ್ತು. ದಡಕ್ಕೆ ಹಡಗು ಮೂಗು ಇಟ್ಟು, ಮುಂದಿನ ಕಬ್ಬಿಣದ ಹಲಗೆ ಇಳಿಸಿದ್ರು. ಹಸು ಇಳೀಲಿಲ್ಲ. ಹಲಗೆ ಕಡಿದಾಗಿದೆ ಅಂತ ಕ್ಯಾಪ್ಟನ್ ಹಡಗನ್ನ ಹಿಂದಕ್ಕೆ ತಗೊಂಡ್ರು, ನೀರು ಉಬ್ಬೋ ತನಕ ಕಾದು ಮತ್ತೆ ಬಂದ್ರು. ಆಗ್ಲೂ ಇಳೀಲಿಲ್ಲ, ಗೊರಸು ಜಾರ್ತಿತ್ತು. ಆಗ ನಿಮ್ಮ ಕಡೆಯ ಗಂಡಸರೆಲ್ಲ ತೆಂಗಿನ ಗರಿ ಕಡಿದು ತಂದು ಹಲಗೆ ತುಂಬ ಹಾಸಿದ್ರು. ಹಾಡು ಹೇಳ್ತಾ ಕೂತಿದ್ದ ಮದುವೆ ಜನ ಕಾದ್ರು. ಇನ್ನೊಂದು ದ್ವೀಪದಲ್ಲಿ ಸರಕು ಕಾಯ್ತಿತ್ತು, ಅದೂ ಕಾಯ್ತು. ನಾನು ಇಲ್ಲಿ ರೇಡಿಯೊ ಹಿಡಿದು ಎಲ್ಲಾ ಕೇಳ್ತಿದ್ದೆ. ಯಾರೋ ಕೋಲು ಎತ್ತಿರ್ಬೇಕು, ಹಿಂದಿನಿಂದ ನಿಮ್ಮ ದನಿ ಬಂತು: ‘ಹೊಡೀಬೇಡ್ರೋ, ಹೆದರಿದೆ ಅದು.’”

ರಾತು ಅವರ ಮುಖದಲ್ಲಿ ನಗು ಮೂಡಿತ್ತು. ಚಾಪೆಯ ಮೇಲಿದ್ದವರೆಲ್ಲ ತಲೆಯಾಡಿಸುತ್ತಿದ್ದರು, ಒಳ್ಳೆಯ ಕಥೆ ಕೇಳುವಾಗ ಆಡಿಸುವ ಹಾಗೆ. ಆ ನಗು ನೋಡಿ ನನಗೆ ರಗ್ಬಿ ನೆನಪಾಯಿತು. ಇದನ್ನೂ ಚಪ್ಪರಿಸಿ ಎದ್ದು ಹೋಗುತ್ತಾರೆ ಅನ್ನಿಸಿತು. ಮುಂದೆ ಹೇಳಲು ನಿನ್ನ ಪಾಠದಂತೆ ಒಂದು ಮೃದುವಾದ ಸಾಲು ಸಿದ್ಧವಿತ್ತು. ಅದು ಬಾಯಿಗೆ ಬರಲಿಲ್ಲ.

“ಆ ಹಸು ನಿಮಗೆ ಕಥೆ ಹೇಳಿತ್ತಾ ರಾತು?” ಎಂದೆ. “ಹೋಲಿಕೆ ಕೊಟ್ಟಿತ್ತಾ? ಸಂಜೆ ಬಂದು ಕಾವಾ ಕೊಟ್ಟು, ದಯವಿಟ್ಟು ನನಗೊಂದು ಹಲಗೆ ಹಾಸಿ ಅಂತ ಬೇಡಿಕೊಂಡಿತ್ತಾ? ಇಲ್ಲ. ಇಳಿಯೋಕೆ ಆಗ್ತಿಲ್ಲ ಅಂತ ನಿಮಗೇ ಕಾಣಿಸ್ತು. ನಾನು ಈ ಕಂಪನೀಲಿ ಇಷ್ಟು ವರ್ಷದಿಂದ ಇದೀನಿ. ನಿಮಗೆ ಯಾಕೆ ಕಾಣಿಸ್ಲಿಲ್ಲ?”

ಹೆಂಗಸೊಬ್ಬಳು ಮುಖಂಡರಿಗೆ ಹೀಗೆ ಕೇಳಿದ್ದನ್ನು ಆ ಚಾಪೆ ಕೇಳಿರಲಿಲ್ಲ. ರಾತು ಪೆನಾಯಾ ಕುರ್ಚಿಯ ಮೇಲೆ ಸ್ವಲ್ಪ ಆ ಕಡೆ ತಿರುಗಿದರು. ಕುರ್ಚಿ ಕಿರುಗುಟ್ಟಿತು. ಆಮೇಲೆ ಮೆಲ್ಲಗೆ ಹೇಳಿದರು: “ಇಲ್ಲ. ಹಸು ಏನೂ ಹೇಳಿರ್ಲಿಲ್ಲ.”

ದೇವ್‌ಕರನ್ ಅಲ್ಲೇ ಬಾಯಿ ಹಾಕಿದ. “ಹಾಗಿದ್ರೆ ಅವಳ ರೇಡಿಯೊ ಕೋಣೆ ಮಾತ್ರ ಕೆಳಗೇ ಇಡೋಣ ರಾತು, ಸುಲಭ.”

“ಬೇಡ” ಎಂದೆ. “ನೀವೆಲ್ಲ ಮೇಲೆ, ನಾನೊಬ್ಬಳು ಗೋದಾಮಿನ ಹೆಗ್ಗಣಗಳ ಜೊತೆ ಕೆಳಗೆ. ನಾಳೆ ತೀರ್ಮಾನ ಮೇಲೆ ಆಗುತ್ತೆ, ಸುದ್ದಿ ಕೆಳಗೆ ಬರುತ್ತೆ. ಗೋದಾಮಿನ ಬೆನ್ನಿಗೆ ಗುಡ್ಡ ಇದೆ, ಗುಡ್ಡದ ಮೇಲಿನ ರಸ್ತೆ ಮಹಡಿಯ ಮಟ್ಟಕ್ಕೇ ಇದೆ. ನಡುವೆ ಒಂದು ಹಲಗೆ ಬಿದ್ರೆ ರಸ್ತೆಯಿಂದ ನೇರ ಒಳಗೆ ಬರಬಹುದು. ಹೇಗೂ ನಿಮ್ಮ ಗಾಡಿಗಳೆಲ್ಲ ನಿಲ್ಲೋದು ಮೇಲಿನ ರಸ್ತೇಲೇ.”

“ಅಷ್ಟು ಉದ್ದದ ಹಲಗೆ ಎಲ್ಲಿ ತರೋದು?” ಎಂದ ದೇವ್‌ಕರನ್.

“ಅಂಗಳದಲ್ಲಿ ಬಿದ್ದಿದೆಯಲ್ಲ, ಹಳೇ ಹಡಗಿಂದು.”

ಸೆಮೀಸಿಯ ಕೈ ಹಿಂಡುವುದನ್ನು ನಿಲ್ಲಿಸಿತು. ಕಾವಾ ಬಟ್ಟೆಯಿಂದ ನೀರು ಬೋಗುಣಿಗೆ ತೊಟ್ಟಿಕ್ಕುವುದು ಕೇಳುತ್ತಿತ್ತು. “ಅದಾ?” ಎಂದರು ರಾತು. “ಅದೇ” ಎಂದೆ. ಅವರು ತಮ್ಮ ಚಿಪ್ಪಿನೊಳಗೆ ನೋಡುತ್ತಾ ಕೂತರು. ಕುಡಿದು ಮುಗಿಸಿ, ಮೂರು ಸಲ ಕೈ ತಟ್ಟಿ, “ಅದನ್ನೇ ಹಾಕಿ” ಎಂದರು. ಚಾಪೆಯ ಮೇಲೆ ಆಡಿದ ಮಾತು ವಾಪಸಾಗುವುದಿಲ್ಲ, ನಿನಗೆ ಗೊತ್ತು. ನಿನ್ನೆ ಬೆಸುಗೆಯವರು ಬಂದು ಅಳತೆ ತೆಗೆದುಕೊಂಡು ಹೋದರು.

ಗೆದ್ದೆಯಲ್ಲ, ಇನ್ನೂ ಯಾಕೆ ಸಿಟ್ಟು ಎಂದು ಕೇಳುತ್ತೀಯ. ಗೆದ್ದದ್ದಕ್ಕೇ ಸಿಟ್ಟು. ಇಷ್ಟು ಸುಲಭವಿತ್ತಲ್ಲ ಎಂದು ಸಿಟ್ಟು. ನಿನ್ನ ಪಾಠ ಅರ್ಧ ಸರಿ, ಒಪ್ಪುತ್ತೇನೆ. ಹಸು ಬಂದದ್ದು ಅವರ ಲೋಕದಿಂದಲೇ. ಆದರೆ ಕಥೆಗೆ ಅವರು ನಕ್ಕರು ಅಷ್ಟೆ. ಪ್ರಶ್ನೆ ಬಂದಾಗ ತಲೆ ತಗ್ಗಿಸಿದರು. ಆ ಉಳಿದ ಅರ್ಧವನ್ನೂ ನಿನ್ನ ತರಗತಿಯಲ್ಲಿ ಹೇಳಿಕೊಡು. ನನ್ನ ಹೆಸರು ಹೇಳಿದರೂ ಸರಿ. ಆದರೆ ‘ಸ್ಫೂರ್ತಿ’ ಎಂಬ ಪದವನ್ನು ಬಳಸಿದ್ದು ಗೊತ್ತಾದರೆ, ಕ್ರಿಸ್‌ಮಸ್ಸಿಗೆ ನೀನು ಬಂದಾಗ ನಿನ್ನ ಪಾಲಿನ ಏಡಿಯನ್ನು ನಾನೇ ತಿನ್ನುತ್ತೇನೆ.

ಅಮ್ಮ ಬಂದಳು. ಪಾತ್ರೆ ನೋಡಿದಳು. ಇನ್ನು ಬೈಸಿಕೊಳ್ಳುವ ಸರದಿ ನನ್ನದು.

ನಿನ್ನ ಮಾವನ ಮಗಳು,
ಮೆರೆಸೇನಿ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಕೈ ಏಳಲಿಲ್ಲ. ಅಂಗಳದಲ್ಲಿರುವ ಹಲಗೆ ‘ಮರಾಮಾ’ ಹಡಗಿನದು. ಅಂದು ನಾನು ಕೆಳಗೆ ನಿಂತು ಸರಕು ಎಣಿಸುತ್ತಿದ್ದಾಗ, ಯಾರಿದ್ದಾರೆ ಎಂದು ನೋಡದೆ ಇಳಿಸಿದರಲ್ಲ, ನನ್ನ ಬೆನ್ನಿನ ಮೇಲೆ ಬಿದ್ದದ್ದು, ಅದೇ. ಹಡಗನ್ನು ಗುಜರಿಗೆ ಹಾಕಿದರೂ ಅದನ್ನು ಮುಟ್ಟಲು ಯಾರಿಗೂ ಮನಸ್ಸಾಗದೆ ಹುಲ್ಲಿನಲ್ಲಿ ಬಿದ್ದಿತ್ತು. ಬೇರೆ ಹಲಗೆ ಸಿಗುತ್ತಿತ್ತು ಲವೀನಿಯಾ. ಅದನ್ನೇ ಕೇಳಿದವಳು ನಾನು. ಅವರೂ ದಿನಾ ಬೆಳಿಗ್ಗೆ ಅದರ ಮೇಲೆ ಕಾಲಿಟ್ಟೇ ಕೆಲಸಕ್ಕೆ ಬರಲಿ.