ಏಳು ಹೊಸ ಸಹಿಗಳು

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲು ನಾಲ್ಕು ಸಲ ಕುಳಿತೆ, ನಾಲ್ಕು ಸಲವೂ ಎದ್ದೆ. ಕೋಪ ಮಾಡಿಕೊಳ್ಳಬೇಡ. ಕೆಮ್ಮು ಹೇಗಿದೆ? ನೀನು ಲಾಂಡ್ರಿ ಬಿಟ್ಟ ಮೇಲಾದರೂ ಅಲ್ಲಿನ ಆವಿ ನಿನ್ನ ಎದೆಯನ್ನು ಬಿಡಬೇಕಿತ್ತು.

"ಸಂಘ ಉಳೀಬೇಕು ಅಂದ್ರೆ ಹೊಸಬರು ಬರಬೇಕು ಕಣೇ. ಮುದುಕಿಯರು ಎಷ್ಟು ದಿನ ಬಾವುಟ ಹಿಡೀತೀರಿ?" ಎಂದು ಬರೆದಿದ್ದೆಯಲ್ಲ, ಅದನ್ನೇ ತಲೆಯಲ್ಲಿಟ್ಟುಕೊಂಡು, ಸದಸ್ಯತ್ವದ ಅರ್ಜಿಗಳ ಕಟ್ಟು ಹಿಡಿದು ಬಟ್ಟೆ ಮಡಿಸುವ ವಿಭಾಗಕ್ಕೆ ಹೋದೆ. ನೀನು ಅಧ್ಯಕ್ಷೆಯಾಗಿದ್ದಾಗ ಇನ್ನೂರು ಮಂದಿ ಇದ್ದೆವು. ಈಗ ಒಂಬತ್ತು, ಅಷ್ಟೂ ನರೆತ ತಲೆಗಳು. ಉಳಿದವರೆಲ್ಲ ಗುತ್ತಿಗೆಯ ಮಕ್ಕಳು, ಹನ್ನೊಂದು ತಿಂಗಳಾದರೆ ಹೊರಗೆ.

ಟೀ ಬಿಡುವಿನಲ್ಲಿ ನಾನು ಗಂಟಲು ಹರಿದುಕೊಳ್ಳುತ್ತಿದ್ದರೆ ಅವರು ಫೋನು ನೋಡುತ್ತಿದ್ದರು. ಆಸ್ಪತ್ರೆಯ ಹಾಸುಬಟ್ಟೆ ಮಡಿಸುವ ಒಬ್ಬ ಹುಡುಗಿ ಮಾತ್ರ ತಲೆಯೆತ್ತಿ, "ಅಮ್ಮಾ, ಸಂಘದಿಂದ ನಿಮಗೇನು ಸಿಕ್ತು?" ಎಂದಳು. ನಾವು ಜಗಳವಾಡಿ, ಕೂತು ಕೆಲಸ ಮಾಡಲು ಕುರ್ಚಿ ಹಾಕಿಸಿದ್ದನ್ನು ಹೇಳಿದೆ. "ಎಲ್ಲಿದೆ ಆ ಕುರ್ಚಿ? ತೋರ್ಸಿ, ಸ್ವಲ್ಪ ಕೂತ್ಕೋತೀನಿ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಂಪನಿ ಆ ಕುರ್ಚಿ ಎತ್ತಿಸಿ ಆರು ವರ್ಷವಾಯಿತು. ನಾವ್ಯಾರೂ ತುಟಿ ಬಿಚ್ಚಿರಲಿಲ್ಲ. ಬಾಯಿ ಜೋರೆಂದು ಆ ಹುಡುಗಿಯನ್ನು ಎಲ್ಲರೂ ಮೆಣಸಿನಕಾಯಿ ಎನ್ನುತ್ತಿದ್ದರು.

ಮುಂದಿನ ವಾರ ಅವಳ ಪಕ್ಕದವಳ ಬಲಗೈ ಇಸ್ತ್ರಿಯ ಬಿಸಿ ರೋಲರಿಗೆ ಸಿಕ್ಕಿತು. ಮೊಣಕೈವರೆಗೆ ಚರ್ಮ ಸುಲಿದಿತ್ತು. ಮೇಲ್ವಿಚಾರಕ ಮೊದಲು ನೋಡಿದ್ದು ಹಾಸುಬಟ್ಟೆಗೆ ಕಲೆಯಾಯಿತೇ ಎಂದು. ಅಂದು ಸಂಜೆ ಮೆಣಸಿನಕಾಯಿ ಬಂದು, "ಆ ಅರ್ಜಿ ಕೊಡಿ" ಎಂದಳು. ಎರಡೇ ದಿನದಲ್ಲಿ ಇನ್ನೂ ಆರು ಜನರನ್ನು ಕರೆತಂದಳು. ಏಳು ಹೊಸ ಸಹಿ, ಅಕ್ಕಾ! ಮಂಡಿನೋವು ಮರೆತು ಮನೆಯ ಮೆಟ್ಟಿಲು ಹತ್ತಿದೆ.

ರೋಲರಿನ ಮುಂದೆ ಕೈ ಸಿಗದಂತೆ ತಡೆಕಂಬಿ ಹಾಕಿಸಿ ಎಂದು ಕೇಳಬೇಕಿತ್ತು. "ನೀನೇ ಕೇಳು. ಹೊಸಬರ ಬಾಯಿಂದ ಬಂದ್ರೆ ತೂಕ ಜಾಸ್ತಿ" ಎಂದು ಮೆಣಸಿನಕಾಯಿಗೆ ಹೇಳಿದೆ. ಮೇಲ್ವಿಚಾರಕನನ್ನು ಕೇಳಿದಳು, ಎಲ್ಲರೆದುರಿಗೆ, ಒಂದಿಷ್ಟೂ ತಡವರಿಸದೆ. ಮರುದಿನ ಬೆಳಿಗ್ಗೆ ಅವಳನ್ನು ಮ್ಯಾನೇಜರ್ ಕೋಣೆಗೆ ಕರೆಸಿದರು. ಅರ್ಧ ಗಂಟೆಯಲ್ಲಿ ಬ್ಯಾಗು ಹಿಡಿದು ಗೇಟಿನಾಚೆ ನಿಂತಿದ್ದಳು.

ಮಧ್ಯಾಹ್ನದೊಳಗೆ ಉಳಿದ ಆರು ಜನ ಅರ್ಜಿ ವಾಪಸು ಕೇಳಿದರು. "ತಪ್ಪು ತಿಳ್ಕೋಬೇಡಿ ಅಮ್ಮಾ, ಮನೇಲಿ ನಾನೊಬ್ಳೇ ದುಡಿಯೋದು." ಅವರಲ್ಲಿ ಕೈ ಸುಟ್ಟುಕೊಂಡವಳೂ ಇದ್ದಳು, ಪಟ್ಟಿ ಸುತ್ತಿಕೊಂಡೇ ಕೆಲಸಕ್ಕೆ ಬರುತ್ತಿದ್ದಳು. ಎಡಗೈ ಚಾಚಿ ತೆಗೆದುಕೊಂಡಳು.

ಮೆಣಸಿನಕಾಯಿಯನ್ನು ತೆಗೆದಿದ್ದಕ್ಕೆ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದೇವೆ. ಅವಳು ನಮ್ಮ ಕೆಲಸಗಾರ್ತಿಯೇ ಅಲ್ಲ, ಗುತ್ತಿಗೆದಾರನವಳು ಎಂದು ಕಂಪನಿ ಉತ್ತರ ಕೊಟ್ಟಿದೆ. ಗುತ್ತಿಗೆದಾರ ಫೋನೆತ್ತುವುದಿಲ್ಲ. ತಡೆಕಂಬಿ ಬಂದಿಲ್ಲ. ಕಳೆದ ಶನಿವಾರದ ಸಭೆಗೆ ನಾಲ್ಕು ಜನ ಸೇರಿದೆವು, ಅದರಲ್ಲೊಬ್ಬಳು ನಿದ್ದೆ ಹೋದಳು. ನಿನಗೆ ಸುಳ್ಳು ಧೈರ್ಯ ಬರೆಯಲಾರೆ. ನಾವು ಹೋದ ಮೇಲೆ ಸಂಘದ ಕೋಣೆಯ ಬೀಗದ ಕೈ ಯಾರಿಗೆ ಕೊಡಬೇಕೋ ತಿಳಿಯದು.

ಔಷಧಿ ತಪ್ಪಿಸಬೇಡ. ಮೊಮ್ಮಗಳು ಹೆಜ್ಜೆ ಇಡುತ್ತಿದ್ದಾಳಂತೆ. ನೂರು ಕಾಲ ಬಾಳಲಿ. ಇಡೀ ದಿನ ನಿಂತು ದುಡಿಯುವ ಕೆಲಸ ಅವಳ ಪಾಲಿಗೆ ಬಾರದಿರಲಿ.

ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಅವತ್ತು ಮ್ಯಾನೇಜರ್ ಕೋಣೆಗೆ ಮೆಣಸಿನಕಾಯಿಯ ಜೊತೆ ನನ್ನನ್ನೂ ಕರೆಸಿದ್ದರು. "ಇವಳಿಗೆ ಹೇಳ್ಕೊಟ್ಟಿದ್ದು ನೀವೇನಾ?" ಎಂದು ಕೇಳಿದರು. ನನ್ನ ನಿವೃತ್ತಿಗೆ ಎಂಟು ತಿಂಗಳಿದೆ. "ಇಲ್ಲ ಸಾರ್, ನಂಗೇನೂ ಗೊತ್ತಿಲ್ಲ" ಎಂದುಬಿಟ್ಟೆ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ, "ಹೌದು ಸಾರ್, ಅಮ್ಮಂಗೇನೂ ಗೊತ್ತಿಲ್ಲ. ನಾನಾಗೇ ಕೇಳಿದ್ದು" ಎಂದಳು. ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ಇನ್ನೂ ಕೆಲಸ ಸಿಕ್ಕಿಲ್ಲವಂತೆ. "ಊಟ ಆಯ್ತಾ ಅಮ್ಮಾ?" ಎಂದು ವಿಚಾರಿಸಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.