ನೀನು ಬೇಡವೆಂದ ಹಗುರ ಗುಂಡು

ಅಪ್ಪಾ,

ತಂದೆಗೆ ಪತ್ರ ಬರೆಯುವಾಗ ‘ತೀರ್ಥರೂಪರಿಗೆ’ ಎಂದು ಶುರುಮಾಡಿ ಕೆಳಗೆ ‘ನಿಮ್ಮ ಆಜ್ಞಾಧಾರಕ ಮಗಳು’ ಎಂದು ಸಹಿ ಹಾಕಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಆ ಸಹಿ ಹಾಕುವ ಮುಖ ಇವತ್ತು ನನಗಿಲ್ಲ. ಅದಕ್ಕೇ ಬರೀ ಅಪ್ಪಾ ಎಂದು ಕರೆದಿದ್ದೇನೆ. ನೀನು ಹೋಗಿ ಹನ್ನೊಂದು ತಿಂಗಳಾಯಿತು. ನಿನಗೆ ಹೇಳಬೇಕಾದ ಮಾತೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಮೊನ್ನೆ ಅವ್ವ ಗದರಿದ ಮೇಲೆ ಕೂತು ಬರೆಯುತ್ತಿದ್ದೇನೆ.

ನೆನಪಿದೆಯಾ, ನಿನ್ನ ಆ ಬಿಸ್ಕೀಟಿನ ಡಬ್ಬಿ? ರಾಣೆಬೆನ್ನೂರಿನ ಕಡೆಯ ಹುಲ್ಲುಬಯಲಿನಲ್ಲಿ ಫಾರೆಸ್ಟ್ ಗಾರ್ಡ್ ಆಗಿ ನೀನು ಇಪ್ಪತ್ತೆಂಟು ವರ್ಷ ಚಿಗರಿಗಳನ್ನು, ಸರ್ಕಾರಿ ಕಾಗದದ ಕೃಷ್ಣಮೃಗಗಳನ್ನು, ಕಾಯ್ದೆ. ಗಸ್ತು ಮುಗಿಸಿ ಬಂದಾಗ ಯಾವ ಕೇಸಿಗೂ ಬೇಡವಾದ ಖಾಲಿ ತೋಟಾಗಳನ್ನು ಅದರಲ್ಲಿ ಹಾಕುತ್ತಿದ್ದೆ. ಬೇರೆ ಮಕ್ಕಳು ಹುಣಸೆ ಬೀಜದಲ್ಲಿ ಎಣಿಸಲು ಕಲಿತರೆ ನಾನು ಆ ಹಿತ್ತಾಳೆ ಕೊಳವೆಗಳಲ್ಲಿ ಕಲಿತೆ. ನೀನು ಬುಡದ ಮೇಲಿನ ಅಂಕಿ ಓದಿಸುತ್ತಿದ್ದೆ, ಕೊಳವೆಯ ಬಾಯಿ ಮೂಸಿ ನೋಡು ಅನ್ನುತ್ತಿದ್ದೆ. ಖಾರ ವಾಸನೆ ಇದ್ದರೆ ಹೊಸದು, ಇಲ್ಲದಿದ್ದರೆ ಹಳೆಯದು. ಅವ್ವ ಒಳಗಿನಿಂದ “ಹೆಣ್ಣು ಹುಡುಗಿಗೆ ಏನೇನು ಕಲಿಸ್ತೀರಿ” ಎಂದು ಕೂಗಿದರೆ, “ಮುಂದ ಉಪಯೋಗಕ್ಕ ಬರತೈತಿ ತಗೋ” ಎಂದು ನಗುತ್ತಿದ್ದೆ. ಉಪಯೋಗಕ್ಕೆ ಬಂತು ಅಪ್ಪಾ. ಯಾವುದಕ್ಕೆ ಬಂತು ಎಂದು ಹೇಳಲು ಈಗಲೂ ಕೈ ತಡೆಯುತ್ತದೆ.

ಇಲ್ಲಿ ನೆದರ್ಲೆಂಡ್ಸಿನ ನೈಮೆಗನ್‌ಗೆ ಬಂದ ಎರಡನೆಯ ವರ್ಷ. ಚಿಪ್ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಜೊತೆ ಹೆಂಕ್ ಎಂಬವನು ಕೆಲಸ ಮಾಡುತ್ತಾನೆ. ನಿನ್ನ ವಯಸ್ಸಿನವನೇ, ಇಲ್ಲಿ ದೊಡ್ಡವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಬೇಜಾರು ಮಾಡಿಕೊಳ್ಳಬೇಡ. ಒಂದು ಸೋಮವಾರ ಊಟದ ಮೇಜಿನ ಬಳಿ ಅವನ ಕೋಟಿನ ಜೇಬಿನಿಂದ ಖಾಲಿ ತೋಟಾ ಉರುಳಿತು. ಎತ್ತಿಕೊಂಡು ಬುಡ ನೋಡಿದೆ, ಮೂಸಿದೆ, “ಶನಿವಾರ ಹಾರಿಸಿದ್ದಾ?” ಎಂದು ಕೇಳಿಬಿಟ್ಟೆ. ಮೇಜಿನ ಸುತ್ತ ಇದ್ದವರೆಲ್ಲ ತಿನ್ನುವುದು ಬಿಟ್ಟು ನನ್ನನ್ನೇ ನೋಡಿದರು. ಅಲ್ಲಿಯವರೆಗೆ ಆ ಲ್ಯಾಬಿನಲ್ಲಿ ನಾನು ಡಚ್ ತಪ್ಪು ಮಾತಾಡುವ, ಡಬ್ಬಿಯಲ್ಲಿ ಚಿತ್ರಾನ್ನ ತರುವ ಹುಡುಗಿ ಅಷ್ಟೇ ಆಗಿದ್ದೆ. ಅವತ್ತು ಮಾತ್ರ ಊರಿಂದ ತಂದ ವಿದ್ಯೆಗೆ ಬೆಲೆ ಬಂತು, ನಾನೂ ಉಬ್ಬಿಹೋದೆ.

ಹೆಂಕ್ ರಜೆಯಲ್ಲಿ ಬೇಟೆಯಾಡುವವನು, ಇಲ್ಲಿ ಬೇಟೆಗಾರರು ಪ್ರತಿ ವಸಂತ ಜಿಂಕೆ ಎಣಿಸಿಯೇ ಎಷ್ಟು ಹೊಡೆಯಬಹುದೆಂದು ಗೊತ್ತುಮಾಡುತ್ತಾರೆ. ಆ ವಸಂತದಲ್ಲಿ ಅವನು ನನ್ನನ್ನೂ ಎಣಿಸಲು ಕರೆದುಕೊಂಡು ಹೋದ. ಇಲ್ಲಿನ ಜಿಂಕೆಗೆ ‘ರೇ’ ಅನ್ನುತ್ತಾರೆ, ನಮ್ಮ ಮೇಕೆಯಷ್ಟೇ ಎತ್ತರ. ವಾಲ್ ನದಿಯ ಏರಿಯ ಆಚೆ, ಅಂಗೈಯಂತೆ ಸಪಾಟಾದ ಹೊಲಗಳಲ್ಲಿ ಮೇಯುತ್ತವೆ. ನಿನಗೆ ಫೋನಿನಲ್ಲಿ ಹೇಳಿದಾಗ ಅದು ನಿಜವೇ ಆಗಿತ್ತು: “ಅಪ್ಪಾ, ಇವತ್ತು ಹದಿನೇಳು ಜಿಂಕಿ ಎಣಿಸಿದ್ನಿ.” ನಿನ್ನ ಖುಷಿ ನೋಡಬೇಕಿತ್ತು! ಊರೆಲ್ಲ ಹೇಳಿಕೊಂಡು ಬಂದೆಯಂತೆ, ನನ್ನ ಮಗಳು ಅಲ್ಲಿ ಜಿಂಕಿ ಕಾಯ್ತಾಳ ಎಂದು. ಅದಾದ ಮೇಲೆ ನಾನು ಬೇಟೆಯ ಪರೀಕ್ಷೆಗೆ ಕೂತೆ, ಪಾಸಾದೆ, ಪೊಲೀಸರು ಮನೆಗೆ ಬಂದು ಬಂದೂಕಿನ ಉಕ್ಕಿನ ಪೆಟ್ಟಿಗೆ ನೋಡಿಹೋದರು. ಇದನ್ನೆಲ್ಲ ಹೇಗೆ ಹೇಳಲಿ? ನಾಳೆ ಹೇಳೋಣ, ಮುಂದಿನ ವಾರ ಹೇಳೋಣ ಎಂದು… ನೀನು ವೀಡಿಯೊ ಕಾಲ್ ಮಾಡಿದಾಗ ಆ ಪೆಟ್ಟಿಗೆಯ ಮೇಲೆ ಅವ್ವನ ಇಳಕಲ್ ಸೀರೆ ಹೊದಿಸುತ್ತಿದ್ದೆ. ಹೊಲದಲ್ಲಿ ತೆಗೆದ ಫೋಟೊ ಕಳಿಸು ಎಂದಾಗ ಮೊಣಕೈಯಿಂದ ಕೆಳಗೆ ಕತ್ತರಿಸಿ ಕಳಿಸಿದೆ, ಕೈಯಲ್ಲಿ ಬಂದೂಕಿತ್ತು. ನೀನು ಅದನ್ನೇ ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ನಿನ್ನ ಯೂನಿಫಾರ್ಮಿನ ಫೋಟೊ ಪಕ್ಕ ತೂಗುಹಾಕಿದೆ.

ಇದಕ್ಕಿಂತ ನಾಚಿಕೆಗೇಡಿನದು ಬೇರೆ ಇದೆ. ಬಂದೂಕು ಕೊಳ್ಳುವ ಮೊದಲು ಯಾವ ತೋಟಾ ಹಿಡಿಯುವ ಬಂದೂಕು ಎಂದು ತೀರ್ಮಾನಿಸಬೇಕಲ್ಲ? ಅದನ್ನು ನಿನ್ನನ್ನೇ ಕೇಳಿದೆ. ನೆನಪಾಯಿತಾ? ಯುಗಾದಿಯ ಮಾರನೆಯ ದಿನ. “ಅಪ್ಪಾ, ಬಯಲಾಗ ಚಿಗರಿ ಹೊಡಿಯೋರು ಎಂಥಾ ತೋಟಾ ತರ್ತಿದ್ರು?” ಕಳ್ಳರ ಗುರುತು ಹಿಡಿಯಲು ಕೇಳುತ್ತಿದ್ದಾಳೆ ಎಂದುಕೊಂಡೆ ನೀನು. ಕನ್ನಡಕ ಹಾಕಿಕೊಂಡು, ಡಬ್ಬಿಯನ್ನು ಮಡಿಲಲ್ಲಿ ಸುರುವಿಕೊಂಡು, ಒಂದು ತಾಸು ಪಾಠ ಮಾಡಿದೆ. “ಬಯಲಾಗ ದೂರ ಹೊಡಿಯೋ ಆಸೆ ಹುಟ್ಟತೈತಿ ತಂಗಿ. ಅಡ್ಡ ಏನೂ ಇಲ್ಲ, ಎಲ್ಲಾ ಸನೀಪನ ಐತಿ ಅನಸ್ತೈತಿ. ಪ್ಯಾಟಿಯಿಂದ ಜೀಪಿನ್ಯಾಗ ಬರೋರು ಹಗುರ ಗುಂಡು ತರ್ತಿದ್ರು, ದೂರಿಂದನ ಹೊಡದು ಓಡಾಕ. ಹಗುರ ಗುಂಡು ಗಾಳಿ ಮಾತು ಕೇಳತೈತಿ. ಎದಿಗೆ ಇಟ್ಟಿದ್ದು ಹೊಟ್ಟಿಗೆ ಬೀಳತೈತಿ. ಬೆನ್ನು ಬಿಲ್ಲಿನಂಗ ಬಗ್ಗಿಸಿ ಓಡಿದ್ರ ಹೊಟ್ಟಿಗೆ ಬಿದ್ದೈತಿ ಅಂತ ತಿಳಕೋ, ಎರಡ ದಿನ ನರಳತೈತಿ. ಭಾರ ಗುಂಡಿನವ ಸನೇಕ ಬರಬೇಕು. ಸನೇಕ ಬಂದವನ್ನ ನಾ ಹಿಡೀತಿದ್ನಿ.” ಹೀಗೆಂದು ಗಟ್ಟಿಯಾಗಿ ನಕ್ಕೆ. ಮತ್ತೆ ದನಿ ತಗ್ಗಿಸಿ, “ಗಾಯಾದ ಚಿಗರಿ ಬೆನ್ನು ಹತ್ತಬ್ಯಾಡ. ಕುಂತು ಎಲಿ-ಅಡಿಕಿ ಹಾಕ್ಕೋ. ಅದು ಮಲಗಲಿ, ಆಮ್ಯಾಲೆ ಜಾಡು ಹಿಡಿ,” ಎಂದೆ. ಜೀವಮಾನವಿಡೀ ಚಿಗರಿ ಕಾಯ್ದವನ ಬಾಯಿಂದ ಚಿಗರಿ ಹೊಡೆಯುವ ವಿದ್ಯೆ ಹೊರಡಿಸಿಕೊಂಡೆ ನಾನು. ಎಂಥ ಮಗಳು!

ಹೋಗಲಿ, ಕೇಳಿದ ಮೇಲೆ ನಿನ್ನ ಮಾತನ್ನಾದರೂ ಪಾಲಿಸಿದೆನಾ? ಅದೂ ಇಲ್ಲ. ನಾವು ಲ್ಯಾಬಿನವರು ಫ್ರಿಜ್ ಕೊಳ್ಳುವುದಕ್ಕೂ ಎಕ್ಸೆಲ್ ಹಾಳೆ ತೆರೆಯುವ ಜನ. ನಾನೂ ತೆರೆದೆ. ಒಂದು ಸಾಲಿನಲ್ಲಿ ಹೆಂಕ್ ಬಳಸುವ ಆರೂವರೆ ಮಿಲಿಮೀಟರಿನ ಹಳೆಯ ತೋಟಾ: ಭಾರದ ಗುಂಡು, ನಿಧಾನ, ದೂರ ಹೋದಂತೆ ಕೆಳಗಿಳಿಯುತ್ತದೆ. ಇನ್ನೊಂದರಲ್ಲಿ ಆರು ಮಿಲಿಮೀಟರಿನದು: ಹಗುರ ಗುಂಡು, ಬಿರುಸಾದ ಓಟ, ಇನ್ನೂರು ಮೀಟರಿನವರೆಗೂ ಗೆರೆ ಎಳೆದಂತೆ ನೇರ. ಭುಜಕ್ಕೆ ಒದೆತವೂ ಕಡಿಮೆ. ಬಯಲು ಸೀಮೆಗೆ ಇದೇ ಸರಿ ಎಂದು ಹಾಳೆ ಹೇಳಿತು. ಅಪ್ಪನ ಕಳ್ಳರ ಬಳಿ ದೂರ ಅಳೆಯುವ ಯಂತ್ರ ಇರಲಿಲ್ಲ, ದುರ್ಬೀನು ಇರಲಿಲ್ಲ, ನನ್ನ ಬಳಿ ಎಲ್ಲಾ ಇದೆ ಎಂದುಕೊಂಡೆ. ಹೆಂಕ್ ಕೂಡ ತಲೆ ಅಲ್ಲಾಡಿಸಿ, “ಇಷ್ಟು ದೂರ ಯಾಕೆ ಬೇಕು? ಕಾಯ್ದು ಕೂತರೆ ಅವೇ ಬರುತ್ತವೆ,” ಎಂದ. ಇಬ್ಬರು ಮುದುಕರ ಮಾತು ಎಂದು ತಳ್ಳಿಹಾಕಿದೆ.

ಕಳೆದ ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಎಂಟೂಕಾಲು. ಏರಿಯ ಪಕ್ಕದ ಮರದ ಅಟ್ಟಣಿಗೆಯ ಮೇಲೆ ಒಬ್ಬಳೇ ಕೂತಿದ್ದೆ. ಇಲ್ಲಿ ಗುಂಡಿಗೆ ಅಡ್ಡವಾಗಲು ಗುಡ್ಡವಿಲ್ಲ. ಮೇಲಿಂದ ಕೆಳಕ್ಕೆ ಹೊಡೆದು ಗುಂಡನ್ನು ಮಣ್ಣಿಗೇ ಇಳಿಸಬೇಕು. ಬರಿದಾದ ಜೋಳದ ಹೊಲದಲ್ಲಿ ಐದು ಹೆಣ್ಣು ಜಿಂಕೆಗಳು. ಆ ಹೊಲಕ್ಕೆ ಒಂದು ಹೊಡೆಯಲು ನಮಗೆ ಅನುಮತಿ ಇತ್ತು. ಯಂತ್ರ ಇನ್ನೂರ ಮೂವತ್ತು ಮೀಟರು ಎಂದು ತೋರಿಸಿತು. ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಕೆನ್ನೆಗೆ ತಾಗುತ್ತಿತ್ತು ಕೂಡ. ಕಾಯಬಹುದಿತ್ತು, ಅವು ಮೇಯುತ್ತ ನನ್ನ ಕಡೆಗೇ ಬರುತ್ತಿದ್ದವು. ಆದರೂ ಹೊಡೆದೆ. ಯಾಕೆ? ಹೊಡೆಯಬಲ್ಲೆ ಎಂದು ನನಗೇ ತೋರಿಸಿಕೊಳ್ಳಲು, ಅಷ್ಟೇ. ಒಂದು ಜಿಂಕೆ ಬೆಚ್ಚಿ, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಓಡಿತು.

ಇಳಿದು ಹೋಗಿ ನೋಡಿದರೆ ಒಂದಿಷ್ಟು ಕೂದಲು, ರಕ್ತದ ಜೊತೆ ಹಸಿರು ಮೇವಿನ ಚೂರು. ಆಗ ನಿನ್ನ ಫೋನು ಬಂತು. ಅಲ್ಲಿ ಮಧ್ಯಾಹ್ನ ಒಂದು ಗಂಟೆ, ನಿನ್ನ ಊಟ ಮುಗಿದಿತ್ತು. ಗುಂಡು ತೆಗೆದು ಬಂದೂಕನ್ನು ಹುಲ್ಲಿನಲ್ಲಿ ಮಲಗಿಸಿ, ಮುಖ ಮಾತ್ರ ಕಾಣುವಂತೆ ಫೋನು ಹಿಡಿದೆ. ನಿನ್ನ ಹಿಂದೆ ಗೋಡೆಯ ಮೇಲೆ ನನ್ನ ಆ ಅರ್ಧ ಫೋಟೊ ಕಾಣುತ್ತಿತ್ತು.

“ಏನವಾ ಗಂಗೂ, ಬಯಲಾಗ ಅದಿಯೇನು? ಜಿಂಕಿ ಕಂಡ್ವೇನು?”

“ಒಂದು ಕಂಡ್ತು ಅಪ್ಪಾ.”

“ಆರಾಮ ಐತಿಲ್ಲ ಅದು?”

“ಆರಾಮ ಐತಿ.”

“ಮತ್ಯಾಕ ಮಾರಿ ಬಾಡೈತಿ?”

“ಥಂಡಿ ಅಪ್ಪಾ.”

“ತಲಿಗೆ ಏನರ ಕಟ್ಕೋ. ಗಾಳಿ ಭಾಳ ಐತಿ ಅಲ್ಲೆ, ಇಲ್ಲಿಗೇ ಕೇಳಸ್ತೈತಿ.”

ಗಾಳಿಯ ಸದ್ದು ಹಾವೇರಿ ಸೀಮೆಯಲ್ಲಿ ಕೂತ ನಿನಗೆ ಕೇಳಿಸಿತ್ತು. ಅಟ್ಟಣಿಗೆಯ ಮೇಲಿದ್ದ ನನಗೆ ಕೇಳಿಸಿರಲಿಲ್ಲ.

ಫೋನಿಟ್ಟ ಮೇಲೆ ಮಾಡಿದ್ದು ಎರಡನೆಯ ತಪ್ಪು. ಹೆಂಕ್‌ನ ಬಳಿ ರಕ್ತದ ಜಾಡು ಹಿಡಿಯುವ ನಾಯಿ ಇದೆ. ಗಾಯವಾದರೆ ಕೂಡಲೇ ಅವನಿಗೆ ಹೇಳಬೇಕು, ಕಾಲು ಕೀಳದೆ ನಿಂತಿರಬೇಕು. ನಾನು ಹೇಳಲಿಲ್ಲ. ಅವನಿಗೆ ಗೊತ್ತಾಗುವ ಮೊದಲೇ ಹುಡುಕಿ ಮುಗಿಸಿಬಿಡೋಣ ಎಂದು ಜಾಡು ಹಿಡಿದು ಹೊರಟೆ. ಕುಂತು ಎಲಿ-ಅಡಿಕಿ ಹಾಕ್ಕೋ ಎಂದಿದ್ದೆಯಲ್ಲ, ಅದೂ ನೆನಪಾಗಲಿಲ್ಲ. ಕಾಲುವೆಯ ಅಂಚಿನ ಜೊಂಡಿನಲ್ಲಿ ಅದು ಮಲಗಿತ್ತು. ನನ್ನ ಹೆಜ್ಜೆ ಕೇಳಿ ಎದ್ದಿತು, ನನ್ನನ್ನು ನೋಡಿತು, ನೀರಿಗೆ ಬಿದ್ದು ದಾಟಿ ಹೊರಟುಹೋಯಿತು. ಆಗ ಅಳುತ್ತ ಹೆಂಕ್‌ಗೆ ಫೋನು ಮಾಡಿದೆ. ಅವನು ಬಂದು, ರಕ್ತ ಮುಟ್ಟಿ ನೋಡಿ, “ಎಷ್ಟು ಹೊತ್ತಿಗೆ ಹೊಡೆದೆ?” ಎಂದ. ಅವತ್ತಿಡೀ ನಾನು ನಿಜ ಹೇಳಿದ್ದು ಆ ಒಂದು ಪ್ರಶ್ನೆಗೆ ಮಾತ್ರ. ಅವನು ಬಯ್ಯಲಿಲ್ಲ. ಗಂಟೆಗಟ್ಟಲೆ ಕಾಯಿಸಿದ, ಆಮೇಲೆ ನಾಯಿಯ ಹಗ್ಗ ಬಿಟ್ಟ. ಜಿಂಕೆ ಸಿಕ್ಕಾಗ ಸಂಜೆ ನಾಲ್ಕೂಕಾಲು, ಇನ್ನೂ ಉಸಿರಾಡುತ್ತಿತ್ತು. ಎಂಟು ತಾಸು ಅಪ್ಪಾ! ಅದನ್ನು ಮುಗಿಸಿದ್ದು ಹೆಂಕ್. ನಾನು ಪಕ್ಕದಲ್ಲಿ ನಿಂತಿದ್ದೆ.

ಮೂರು ವಾರ ಕಳೆಯಿತು. ಬೆಳಿಗ್ಗೆ ಚಹಾ ಕುಡಿಯುತ್ತ ನೀನು ಹೋಗಿಬಿಟ್ಟೆ. ನಾನು ಊರಿಗೆ ಬಂದಾಗ ಮನೆ ತುಂಬ ಜನ. ಬಂದವರೆಲ್ಲ ಗೋಡೆ ನೋಡಿ, “ಅಪ್ಪನ ಕೆಲಸ ಮಗಳು ಮುಂದುವರಿಸ್ಯಾಳ” ಅನ್ನುವವರೇ. ನಾನು ಬಾಯಿ ಬಿಡಲಿಲ್ಲ. ಚಿಗರಿ ಹೊಡೆದದ್ದಕ್ಕೆ ನೀನು ಎರಡು ಸಲ ಹಿಡಿದು ಜೈಲಿಗೆ ಕಳಿಸಿದ್ದ ಫಕೀರಪ್ಪನೂ ಬಂದಿದ್ದ, ನಿನ್ನ ಕಾಲ ಬಳಿ ಕೂತು ಮಗುವಿನಂತೆ ಅತ್ತವನು ಅವನೊಬ್ಬನೇ. ಯಾಕೋ ಅವನಿಗೆ ಮಾತ್ರ ಹೇಳಬಹುದು ಅನ್ನಿಸಿತು. ಹಿತ್ತಲಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದೆ. ಅವನು ಮಧ್ಯೆ ಕೇಳಿದ್ದು ಎರಡೇ ಪ್ರಶ್ನೆ.

“ಎಂಥಾ ತೋಟಾ ಹಾಕಿದ್ದಿ ತಂಗಿ?”

ಹೇಳಿದೆ. ಲೊಚಗುಟ್ಟಿದ.

“ಸಾಹೇಬ್ರು ನಿನಗ ಹೇಳಿರಲಿಲ್ಲೇನು?”

“ಹೇಳಿದ್ರು ಕಾಕಾ. ಒಂದು ತಾಸು ಹೇಳಿದ್ರು.”

ಅವನು ಟವೆಲಿನಿಂದ ಮುಖ ಒರೆಸಿಕೊಂಡು ಎದ್ದುಹೋದ. ಜೈಲಿಗೆ ಹೋಗಿಬಂದ ಕಳ್ಳನ ಎದುರು ತಲೆ ತಗ್ಗಿಸಿ ಕೂತಿದ್ದೆ ನಾನು, ನಿನ್ನ ಮಗಳು.

ಮೊನ್ನೆ ಅವ್ವ ಫೋನು ಮಾಡಿದ್ದಳು. ನಿನ್ನ ವರ್ಷದ ಪೂಜೆಗೆ ಹೊಸ ಫಾರೆಸ್ಟ್ ಗಾರ್ಡ್ ಹುಡುಗಿಯರನ್ನು ಊಟಕ್ಕೆ ಕರೆದಿದ್ದಾಳಂತೆ, ನಾನು ಅವರಿಗೆ ಇಲ್ಲಿನ ಜಿಂಕೆ ಕಾಯುವ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕಂತೆ. ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ಬೇಟೆ, ಸೀರೆ ಹೊದಿಸಿದ ಪೆಟ್ಟಿಗೆ, ಕತ್ತರಿಸಿದ ಫೋಟೊ, ಆ ಶನಿವಾರ, ಒಂದೂ ಬಿಡದೆ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: “ಇದನ್ನ ನಿಮ್ಮಪ್ಪಗ ಹೇಳಿದ್ದೇನು?”

“ಇಲ್ಲವ್ವಾ.”

“ಹಂಗಾರ ನನಗ್ಯಾಕ ಹೇಳ್ತಿ? ಮೊದಲ ಅವರಿಗೆ ಹೇಳು. ಸತ್ತಾರಂತ ಬಿಡಬ್ಯಾಡ.”

ಅದಕ್ಕೇ ಈ ಪತ್ರ. ನಾನು ಬೇಟೆಯನ್ನು ಬಿಟ್ಟುಬಿಟ್ಟೆ ಎಂದು ಬರೆದರೆ ನಿನಗೆ ಸಮಾಧಾನವಾಗಬಹುದು, ಆದರೆ ಅದು ಮತ್ತೊಂದು ಸುಳ್ಳು. ಇಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ, ಹೆಚ್ಚಾದ ಜಿಂಕೆಗಳು ರಸ್ತೆಗೆ ಬಂದು ಸಾಯುತ್ತವೆ ಎಂದು ಹೆಂಕ್ ಹೇಳುತ್ತಾನೆ, ನಾನೂ ಒಪ್ಪುತ್ತೇನೆ. ಈ ವಾದವನ್ನು ನಿನ್ನೆದುರು ಕೂತು ಮಾಡಬಹುದಿತ್ತು. ನೀನು ಜಗಳವಾಡುತ್ತಿದ್ದೆ, ಎರಡು ವಾರ ಮಾತು ಬಿಡುತ್ತಿದ್ದೆ, ಆದರೆ ನಿಜ ತಿಳಿದು ಹೋಗುತ್ತಿದ್ದೆ. ಆ ಆರು ಮಿಲಿಮೀಟರಿನ ಬಂದೂಕನ್ನು ಅಂಗಡಿಗೆ ವಾಪಸು ಕೊಟ್ಟೆ, ಆರೂವರೆಯದು ತಂದೆ. ಈ ಚಳಿಗಾಲ ಇನ್ನೂ ಒಂದೂ ಗುಂಡು ಹಾರಿಸಿಲ್ಲ. ಹೆಂಕ್‌ನ ನಾಯಿಯ ಹಿಂದೆ ಮೂರು ಸಲ ನಡೆದಿದ್ದೇನೆ, ಬೇರೆಯವರು ಗಾಯಮಾಡಿದ ಜಿಂಕೆ ಹುಡುಕಲು. ಹೊರಡುವ ಮೊದಲು ಕೂರುತ್ತೇವೆ. ಎಲಿ-ಅಡಿಕಿ ಇಲ್ಲ, ಇಲ್ಲಿನವರ ಕರಿ ಉಪ್ಪುಮಿಠಾಯಿ ಬಾಯಿಗೆ ಹಾಕಿಕೊಳ್ಳುತ್ತೇನೆ.

ವರ್ಷದ ಪೂಜೆಗೆ ಬರುವಾಗ ಆ ಫೋಟೊವನ್ನು ಪೂರ್ತಿಯಾಗಿ ತರುತ್ತೇನೆ, ಕೈ, ಬಂದೂಕು ಎಲ್ಲಾ ಕಾಣುವಂಥದ್ದು. ಆ ಹುಡುಗಿಯರ ಎದುರು ನಿಂತು ನಾಲ್ಕು ಮಾತೂ ಹೇಳುತ್ತೇನೆ. ಅದಕ್ಕೂ ಮೊದಲು ನೀನು ಕೇಳಿದ್ದ ಪ್ರಶ್ನೆಗೆ ಇನ್ನೊಮ್ಮೆ ಉತ್ತರ ಕೊಡಬೇಕು.

ಅದು ಆರಾಮ ಇರಲಿಲ್ಲ ಅಪ್ಪಾ. ನಾನೇ ಹೊಡೆದಿದ್ದೆ.

ಗಂಗೂ