ಹನ್ನೊಂದು ನಿಮಿಷದ ಅಕ್ಕ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ‘ಪರವಾಗಿಲ್ಲ’ ಎಂದು ಬರೆಯಬೇಡ. ನಿನ್ನ ‘ಪರವಾಗಿಲ್ಲ’ಕ್ಕೆ ಎಷ್ಟು ಅರ್ಥಗಳಿವೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಊತ ಇಳಿದಿದೆಯೋ ಇಲ್ಲವೋ, ಹಾಸ್ಟೆಲಿನ ಮೂರು ಮಹಡಿ ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯ, ಎಣಿಸಿ ಬರೆ. ಎಂಬತ್ತು ಹುಡುಗಿಯರಿಗೆ ವಾರ್ಡನ್ ಆದ ಮಾತ್ರಕ್ಕೆ ಎಂಬತ್ತು ಹೊದಿಕೆಯನ್ನೂ ನೀನೇ ಎಳೆದು ಹೊದಿಸಬೇಕು ಎಂದು ಯಾರೂ ಹೇಳಿಲ್ಲ. ರಜೆಯಲ್ಲೂ ಅಲ್ಲೇ ನಿಂತು ಕೋಣೆಗಳಿಗೆ ಬಣ್ಣ ಹೊಡೆಸುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಆ ಸಿಟ್ಟನ್ನು ಆಮೇಲೆ ತೀರಿಸಿಕೊಳ್ಳುತ್ತೇನೆ.

ನಾವು ಇಲ್ಲಿ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎಂದರೆ ಯಾರಿಗೂ ಜ್ವರವಿಲ್ಲ, ಎಲ್ಲರ ಮೈಮೇಲೂ ಒಣಗಿದ ಬಟ್ಟೆಯಿದೆ, ನಾನು ನಿನ್ನೆ ತಲೆ ಬಾಚಿಕೊಂಡೆ. ಇವರು ಬೆಳಿಗ್ಗೆ ಒಂದು ಮಗುವಿಗೆ ಸ್ನಾನ ಮಾಡಿಸಿಕೊಟ್ಟು ಎಂಟಕ್ಕೆ ಕನ್ನಡಕದ ಅಂಗಡಿಗೆ ಹೊರಡುತ್ತಾರೆ. ಆಮೇಲೆ ಸಂಜೆಯವರೆಗೆ ನಾನು, ಎರಡು ಪುಟಾಣಿಗಳು, ಮತ್ತು ನೀನು ‘ಪಟಾಕಿ’ ಎಂದು ಹೆಸರಿಟ್ಟು ಹೋದ ನಮ್ಮ ಮಗರಾಯ. ನಾಲ್ಕು ತುಂಬಿದ ಮೇಲೆ ಅವನು ಬಿಡಿ ಪಟಾಕಿ ಅಲ್ಲ ಅಕ್ಕ, ಇಡೀ ಸರ. ನಿನ್ನೆ ಇವರ ಒಂದು ಬೂಟಿನೊಳಗೆ ಹಾಲು ಸುರಿದು, ಬೆಕ್ಕಿಗೆ ಎಂದ. ನಮಗೆ ಬೆಕ್ಕಿಲ್ಲ. ಮಕ್ಕಳಿಬ್ಬರೂ ಒಟ್ಟಿಗೆ ಅತ್ತಾಗ ಈಗಲೂ ನನ್ನ ಬಾಯಿಗೆ ‘ಅಕ್ಕಾ, ಒಂದನ್ನ ಎತ್ಕೊಳ್ಳೇ’ ಎಂದೇ ಬರುತ್ತದೆ. ಅಂದುಬಿಟ್ಟು ಕೋಣೆಯ ಕಡೆ ನೋಡುತ್ತೇನೆ. ಅಲ್ಲಿ ನೀನು ಮಡಚಿಟ್ಟು ಹೋದ ಹಾಸಿಗೆ ಮಾತ್ರ ಇದೆ. ನೀನು ಹೋಗಿ ಎರಡು ತಿಂಗಳಾಯಿತು, ಆ ಹಾಸಿಗೆಯನ್ನು ಕಪಾಟಿನ ಮೇಲಿಡಲು ನನಗೆ ಇನ್ನೂ ಮನಸ್ಸು ಬಂದಿಲ್ಲ. ಪಟಾಕಿ ಅದರ ಮೇಲೆ ಹತ್ತಿ ಹಾರುತ್ತಾನೆ, ಬೈಯುವುದೂ ಇಲ್ಲ.

ಈಗ ಪಾರ್ಸೆಲ್ಲಿನ ವಿಷಯ. ನೀನು ಹೆಣೆದು ಕಳಿಸಿದ ಎರಡು ಸ್ವೆಟರ್ ಶನಿವಾರ ಕೈಸೇರಿದವು. ಅಷ್ಟು ಸಣ್ಣ ತೋಳಿಗೆ ಅಷ್ಟು ಒಪ್ಪವಾದ ಅಂಚು ನಿನ್ನಿಂದ ಮಾತ್ರ ಸಾಧ್ಯ. ಬಿಚ್ಚಿದೆ, ಕೆನ್ನೆಗೆ ಒತ್ತಿಕೊಂಡೆ, ಆಮೇಲೆ ಎದೆಯ ಮೇಲಿನ ಅಕ್ಷರ ನೋಡಿದೆ. ಒಂದಕ್ಕೆ ‘ಅ’, ಒಂದಕ್ಕೆ ‘ತ’. ಅಕ್ಕ, ತಂಗಿ. ಇವರು ನೋಡಿ ಜೋರಾಗಿ ನಕ್ಕರು. ‘ನಿಮ್ಮಿಬ್ಬರ ಮಧ್ಯೆ ಹನ್ನೊಂದು ವರ್ಷ, ಇವರ ಮಧ್ಯೆ ಹನ್ನೊಂದು ನಿಮಿಷ, ಆದರೂ ಅಕ್ಕ ಅಕ್ಕಾನೇ ಬಿಡು’ ಎಂದರು. ನಾನೂ ನಕ್ಕೆ. ಆಮೇಲೆ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ‘ಇಬ್ಬರಿಗೂ ಹಾಕಿ ಒಂದು ಫೋಟೋ ಕಳಿಸು, ದೊಡ್ಡವಳನ್ನ ಎಡಗಡೆ ಕೂರಿಸು’ ಎಂದು ನೀನು ಚೀಟಿ ಬೇರೆ ಇಟ್ಟಿದ್ದೆ. ನಾಲ್ಕು ದಿನವಾಯಿತು, ಸ್ವೆಟರ್ ಹಾಕಿಲ್ಲ, ಫೋಟೋ ತೆಗೆದಿಲ್ಲ. ಯಾಕೆಂದು ಹೇಳುತ್ತೇನೆ, ಬೈಯಬೇಡ. ಬೈದರೂ ಪರವಾಗಿಲ್ಲ, ಎದುರಿಗೆ ಬಂದು ಬೈ.

ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ನನಗೆ ಗೊತ್ತಿಲ್ಲ ಅಕ್ಕ. ಮೂರು ವಾರದಿಂದ ಗೊತ್ತಿಲ್ಲ. ಈ ಮಾತನ್ನು ಇವರಿಗೂ ಹೇಳಿಲ್ಲ, ಮೊದಲು ನಿನಗೇ ಬರೆಯುತ್ತಿದ್ದೇನೆ.

ನೀನಿದ್ದ ಮೂರು ತಿಂಗಳು ದೊಡ್ಡವಳ ಎಡಗಾಲಿನ ಹೆಬ್ಬೆರಳಿಗೆ ಕೆಂಪು ನೇಲ್ ಪಾಲಿಶ್ ಹಚ್ಚುತ್ತಿದ್ದೆಯಲ್ಲ. ನಿನಗೇನೂ ಆ ಗುರುತು ಬೇಕಿರಲಿಲ್ಲ, ಬೆನ್ನು ನೋಡಿಯೇ ಹೇಳುತ್ತಿದ್ದೆ. ಅದು ನಮಗಾಗಿ ಮಾಡಿದ ಏರ್ಪಾಡು. ಹೋಗುವಾಗ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ‘ವಾರಕ್ಕೊಂದ್ಸಲ ಹಚ್ಚು, ಮರೀಬೇಡ’ ಎಂದೆ. ನಾನು ಮರೆಯಲಿಲ್ಲ, ಆಣೆಗೂ ಮರೆಯಲಿಲ್ಲ. ಒಂದು ದಿನ ಹಚ್ಚಿ, ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬಟ್ಟೆ ಒಣಹಾಕಲು ಮಹಡಿಗೆ ಹೋದೆ. ಹತ್ತು ನಿಮಿಷ ಇರಬಹುದು. ಇಳಿದು ಬಂದರೆ ಪಟಾಕಿ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ನಾಲಿಗೆ ಹೊರಗೆ ಹಾಕಿಕೊಂಡು, ಬಹಳ ಗಂಭೀರವಾಗಿ ಕೆಲಸ ನಡೆಸಿದ್ದ. ಇಬ್ಬರಿಗೂ ಹಚ್ಚಿದ್ದ. ನಾಲ್ಕು ಕಾಲಿನ ಇಪ್ಪತ್ತು ಬೆರಳಿಗೂ, ಬೆರಳು ಮಾತ್ರವಲ್ಲ, ಪಾದ, ಹಿಮ್ಮಡಿ, ಚಾಪೆ, ತನ್ನ ಲಾರಿಯ ಚಕ್ರ. ‘ಏನೋ ಇದು!’ ಎಂದು ಕಿರುಚಿದೆ. ‘ಅವಳಿಗೆ ಮಾತ್ರ ಯಾಕೆ? ಇವಳೂ ಕೇಳಿದ್ಲು’ ಎಂದ. ಐದು ತಿಂಗಳೂ ತುಂಬದ ಮಗು ಇವನನ್ನು ಕೇಳಿತಂತೆ!

ಒರೆಸಿದೆ. ಒರೆಸಿದ ಮೇಲೆ ಎರಡು ಮಕ್ಕಳು, ಎರಡು ಖಾಲಿ ಹೆಬ್ಬೆರಳು. ದೊಡ್ಡವಳ ರೆಪ್ಪೆಯ ಮೇಲಿದ್ದ ಕೆಂಪು ಮಚ್ಚೆ ಹುಡುಕಿದೆ, ಅದು ಯಾವಾಗಲೋ ಮಾಸಿಹೋಗಿತ್ತು. ತೂಕ ಹಾಕಿದೆ. ಹುಟ್ಟಿದಾಗ ದೊಡ್ಡವಳೇ ನೂರೈವತ್ತು ಗ್ರಾಂ ಕಮ್ಮಿಯಿದ್ದಳಲ್ಲ, ಈಗ ಹಾಲು ಕುಡಿದದ್ದು ಯಾರೋ ಅವರು ಜಾಸ್ತಿ. ಕೂಗಿ ನೋಡಿದೆ, ಇಬ್ಬರೂ ತಿರುಗಿದರು. ಹೆಸರು ಎರಡೂ ಲಸಿಕೆಯ ಕಾರ್ಡಿನಲ್ಲಿ ಚೆನ್ನಾಗಿವೆ, ಮಕ್ಕಳಿಗೆ ಅಂಟಿಕೊಂಡಿಲ್ಲ. ಅಂಗಡಿಗೆ ಫೋನು ಮಾಡಲು ಹೋಗಿ ಬಿಟ್ಟೆ. ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡುವ ಮನುಷ್ಯನಿಗೆ ಮನೆಯ ಮಕ್ಕಳ ಗುರುತು ಮೊದಲಿನಿಂದಲೂ ಆ ಉಗುರು ನೋಡಿಯೇ ಆಗಬೇಕು. ಹೊಟ್ಟೆಯಲ್ಲಿಟ್ಟುಕೊಂಡವಳು ನಾನು, ನನಗೇ ಗೊತ್ತಾಗಲಿಲ್ಲವಲ್ಲ ಎಂಬ ನಾಚಿಕೆ. ಹೊಲಿಗೆ ಕಾರ್ಖಾನೆಯಲ್ಲಿ ಕಾಲಿಂಚು ತಪ್ಪದೆ ಬಟ್ಟೆ ಕತ್ತರಿಸುವ ಕೈ ಇದು. ಸಂಜೆ ಇವರು ಬರುವುದರೊಳಗೆ, ಎಡಗಡೆ ಮಲಗಿದ್ದವಳ ಹೆಬ್ಬೆರಳಿಗೆ ಬಣ್ಣ ಹಚ್ಚಿಬಿಟ್ಟೆ. ಎಡಗಡೆ ಮಲಗಿದ್ದಳು, ಅಷ್ಟೇ ಕಾರಣ. ಇವರು ಬಂದವರೇ ಉಗುರು ನೋಡಿ ‘ಏನಮ್ಮ ದೊಡ್ಡವಳೇ, ತಂಗೀನ ಅಳಿಸಿಲ್ಲ ತಾನೆ?’ ಎಂದು ಎತ್ತಿಕೊಂಡರು.

ಒಂದು ದಿನ, ಮಕ್ಕಳ ಕಣ್ಣು ಸುಳ್ಳು ಹೇಳುವುದಿಲ್ಲವೆಂದು, ಪಟಾಕಿಯನ್ನೇ ಕೇಳಿದೆ. ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿ, ‘ನಿಜ ಹೇಳು ಪುಟ್ಟ, ಇವರಲ್ಲಿ ಅಕ್ಕ ಯಾರು?’ ಎಂದೆ. ಅವನು ನನಗೇ ತಲೆಕೆಟ್ಟಿದೆಯೇನೋ ಎಂಬಂತೆ ನೋಡಿ, ‘ಅಕ್ಕ ಇಲ್ಲೆಲ್ಲಿದಾಳೆ? ಅಕ್ಕ ಬಸ್ಸಲ್ಲಿ ಹೋದ್ಲಲ್ಲ’ ಎಂದ. ದೊಡ್ಡಮ್ಮ ಅನ್ನು ಎಂದು ನೀನು ಎಷ್ಟು ಸಲ ತಿದ್ದಿದರೂ ನಾನು ಕರೆದದ್ದನ್ನೇ ಅವನೂ ಹಿಡಿದಿದ್ದಾನೆ. ಅವನ ಲೆಕ್ಕದಲ್ಲಿ ಲೋಕಕ್ಕೆಲ್ಲ ಒಬ್ಬಳೇ ಅಕ್ಕ.

ಆ ಬಸ್ಸು ನನಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮ ಹೋದಾಗ ನನಗೆ ಆರು, ನಿನಗೆ ಹದಿನೇಳು. ಅಲ್ಲಿಂದ ಈಚೆಗೆ ನಾವಿಬ್ಬರೂ ಎಷ್ಟು ಬಸ್ಸು ಹತ್ತಿದ್ದೇವೆ, ಒಂದು ಸಲವೂ ನೀನು ಕಿಟಕಿ ಪಕ್ಕ ಕೂತದ್ದು ನಾನು ನೋಡಿಲ್ಲ. ಕಿಟಕಿ ನನ್ನದು, ಅದನ್ನು ಯಾರೂ ಹೇಳಬೇಕಾಗಿಯೇ ಇರಲಿಲ್ಲ. ಮೊನ್ನೆ ಜನವರಿಯಲ್ಲಿ ನೀನು ಒಬ್ಬಳೇ ಹೊರಟೆಯಲ್ಲ, ಆಗ ಮೊದಲ ಸಲ ಕಿಟಕಿಯಲ್ಲಿ ನಿನ್ನ ಮುಖ ಕಂಡಿತು. ಒಂದು ಮಗುವನ್ನು ಎದೆಗೆ ಕಟ್ಟಿಕೊಂಡು, ಇನ್ನೊಂದನ್ನು ಇವರ ಕೈಗೆ ಕೊಟ್ಟು, ನಾನು ಕೈಬೀಸುತ್ತಾ ನಿಂತಿದ್ದೆ. ಬಸ್ಸು ಹೊರಡುವ ಮೊದಲೇ ಹಿಂದಿನ ಸೀಟಿನ ಹೆಂಗಸು ಏನೋ ಕೇಳಿದಳು, ನೀನು ಎದ್ದು ವಾಂತಿ ಬರುತ್ತಿದ್ದ ಅವಳ ಮಗುವಿಗೆ ಜಾಗ ಬಿಟ್ಟುಕೊಟ್ಟೆ. ಬಸ್ಸು ತಿರುಗುವವರೆಗೂ ಗುರುತಿಲ್ಲದ ಆ ಮಗುವಿಗೆ ನಾನು ಕೈಬೀಸಿದೆ.

ಹೊರಡುವ ಹಿಂದಿನ ದಿನ ‘ಇನ್ನೊಂದು ತಿಂಗಳು ಇರಲೇನೇ?’ ಎಂದು ನೀನು ಕೇಳಿದ್ದೆ. ‘ಬೇಡ, ನಾನು ನೋಡ್ಕೋತೀನಿ, ನಾನೇನು ಚಿಕ್ಕ ಮಗುವೇ?’ ಎಂದೆ. ಜಂಬ. ಹಾಗೆಂದು ಮುಗಿಸುವುದರೊಳಗೆ ನೀನು ‘ಸರಿ’ ಎಂದು ಬ್ಯಾಗಿನ ಜಿಪ್ ಎಳೆದುಬಿಟ್ಟೆ. ಇನ್ನೊಂದು ಸಲ ಕೇಳಿದ್ದರೆ ನಾನು ಖಂಡಿತ ಅತ್ತುಬಿಡುತ್ತಿದ್ದೆ. ನಿನಗೆ ನೋವಾಯಿತೇ? ಅದಕ್ಕೇ ರಜೆಗೂ ಬರದೆ ಗೋಡೆಗೆ ಬಣ್ಣ ಹೊಡೆಸುತ್ತಿದ್ದೀಯಾ? ನನಗೆ ನೀನು ಎಷ್ಟು ಬೇಕು ಅಂದರೆ, ಮಧ್ಯಾಹ್ನ ಮೂವರೂ ಮಲಗಿದಾಗ ಸಿಗುವ ಅರ್ಧ ಗಂಟೆಯಲ್ಲಿ ನಾನೂ ಮಲಗುವುದು ಬಿಟ್ಟು ಮೂರು ದಿನದಿಂದ ಈ ಕಾಗದ ಬರೆಯುತ್ತಿದ್ದೇನೆ.

ಒಂದು ಸಲ ಬಂದು ಹೋಗು ಅಕ್ಕ. ನೀನು ಬಾಗಿಲಲ್ಲಿ ನಿಂತು ನೋಡಿದರೆ ಸಾಕು, ಇವಳು ಇವಳು, ಅವಳು ಅವಳು ಎಂದು ಹೇಳಿಬಿಡುತ್ತೀಯ. ‘ಅ’ ಯಾರಿಗೆ, ‘ತ’ ಯಾರಿಗೆ ಎಂದು ನೀನೇ ಹಾಕು, ಫೋಟೋ ನಾನು ತೆಗೆಯುತ್ತೇನೆ. ಇವರು ನಮಸ್ಕಾರ ತಿಳಿಸಿದ್ದಾರೆ, ನಿನ್ನ ಓದುವ ಕನ್ನಡಕದ ಕಾಲು ಸಡಿಲವಾಗಿದ್ದರೆ ಪಿನ್ನು ಚುಚ್ಚಿ ಇಟ್ಟುಕೊಳ್ಳದೆ ಕಳಿಸಬೇಕಂತೆ. ಪಟಾಕಿ ಕಾಗದದ ಮೂಲೆಯಲ್ಲಿ ಗೀಚಿದ್ದಾನಲ್ಲ, ಅದು ನೀನಂತೆ. ಆರು ಕೈ ಯಾಕೆ ಎಂದು ಕೇಳಿದ್ದಕ್ಕೆ ಏಳನೆಯದನ್ನೂ ಗೀಚಲು ಬಂದ, ಪೆನ್ನು ಕಸಿದುಕೊಂಡೆ. ಮಕ್ಕಳಿಬ್ಬರ ಮುತ್ತು, ಹೇಗೆ ಬೇಕಾದರೂ ಹಂಚಿಕೋ.

ನಿನ್ನ ದಾರಿ ನೋಡುತ್ತಿರುವ,
ತಂಗಿ

ತಾ.ಕ.: ಲಕೋಟೆಗೆ ಹಾಕುವ ಮೊದಲು ಇನ್ನೊಮ್ಮೆ ಓದಿದೆ. ಬಂದು ಗುರುತು ಹಿಡಿ ಎಂದು ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಿದ್ದೇನೆ ಎಂದುಕೋ. ನೋಡಿದ ಕೂಡಲೇ ನಿನಗೆ ಗೊತ್ತಾಗುತ್ತದೆ, ಆದರೂ ಬಾಯಿಬಿಡಬೇಡ. ಆ ಡ್ರಾಯಿಂಗ್ ಮೇಷ್ಟ್ರು ಎರಡು ಸಲ ನಿನ್ನನ್ನು ಮದುವೆಗೆ ಕೇಳಿಕೊಂಡು ಮನೆಗೆ ಬಂದಿದ್ದರಲ್ಲ, ಎರಡನೆಯ ಸಲ ನೀನು ಗೇಟಿನ ಹತ್ತಿರ ನಿಂತು ‘ತಂಗಿ ಇನ್ನೂ ಚಿಕ್ಕವಳು, ಆಗಲ್ಲ’ ಎಂದದ್ದು ನನಗೆ ಕೇಳಿಸಿತ್ತು. ನನಗಾಗ ಹನ್ನೆರಡು. ಸದ್ಯ, ಅಕ್ಕ ಎಲ್ಲೂ ಹೋಗುವುದಿಲ್ಲ ಎಂದು ಒಳಗೆ ಹೋಗಿ ಕುಣಿದಿದ್ದೆ. ಇಷ್ಟು ವರ್ಷ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಮಕ್ಕಳಲ್ಲಿ ಯಾರೂ ಹನ್ನೊಂದು ನಿಮಿಷದ ದೆಸೆಯಿಂದ ಹಾಗೆ ಗೇಟಿನ ಹತ್ತಿರ ನಿಲ್ಲುವುದು ಬೇಡ. ಇಬ್ಬರೂ ಹೆಸರು ಹಿಡಿದು ಕರೆದುಕೊಳ್ಳಲಿ, ಜುಟ್ಟು ಹಿಡಿದು ಜಗಳವಾಡಲಿ. ರಜೆ ಇಪ್ಪತ್ತಕ್ಕೆ ಶುರುವಾಗುತ್ತದೆ, ಇಪ್ಪತ್ತೊಂದಕ್ಕೆ ಬಾ. ಬಾಣಂತನಕ್ಕೆ ಅಲ್ಲ, ಸುಮ್ಮನೆ ಬಾ. ಮಕ್ಕಳು ಅತ್ತರೆ ನೀನು ಏಳಕೂಡದು, ನಾನೇ ಎತ್ತಿಕೊಳ್ಳುತ್ತೇನೆ, ಹಾಸಿಗೆಯ ಹತ್ತಿರಕ್ಕೇ ನಿನಗೆ ಟೀ ತಂದುಕೊಡುತ್ತೇನೆ, ಬರೆದುಕೊಟ್ಟಿದ್ದೇನೆ ನೋಡು. ಅಯ್ಯೋ, ಒಂದು ಎದ್ದಿತು. ಯಾವುದು ಎಂದು ಕೇಳಬೇಡ. ಇಲ್ಲ, ಎರಡೂ ಎದ್ದವು. ಅಕ್ಕಾ, ಬೇಗ ಬಾ.